ಪರದೆಯಿಂದ ಪರದೆಗೆ ಸುದ್ದಿ ಮುಟ್ಟಿಸುವ ದಾರಿ ತೋರಿದ ಕ್ರಿಸ್ಟನ್ ನೈಗಾರ್ಡ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿ ದರವೆಂದರೆ ವರ್ಷವಿಡೀ ಕಾದ ಫಲದ ಲೆಕ್ಕ. ಮರದಿಂದ ಇಳಿಸಿದ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಬಳಿಕ ಸುಲಿದು, ಒಡೆದು ತೆಗೆದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆ ಪ್ರಾಂಗಣ ಸೇರಬೇಕು. ರಾಜ್ಯದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಜಾರಿಗೆ ಬಂದ ಮೇಲೆ ಟೆಂಡರು ಕಂಪ್ಯೂಟರ್ ಪರದೆಗೆ ಏರಿತು. ದರ ತಿಳಿಯಲು ಬೆಳೆಗಾರರು ಮೊಬೈಲ್ ನೋಡುವುದು ಇಂದು ವಾಡಿಕೆ.

ದರ ತೋರಿಸುವ ಒಂದು ಆ್ಯಪ್ ಇದೆಯೆಂದು ಭಾವಿಸೋಣ. ವಿವರದ ಪರದೆಯಲ್ಲಿ ಹೊಸ ದರ ಕಾಣುತ್ತದೆ. ಹಿಂದಿನ ಪಟ್ಟಿಗೆ ಮರಳಿದರೆ ಹಳೆಯ ದರವೇ ನಿಂತಿರುತ್ತದೆ. ಅಥವಾ ಒಂದೇ ಸೂಚನೆ ಎರಡೆರಡು ಬಾರಿ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಮೊಬೈಲ್ ತಂತ್ರಾಂಶ ಬರೆಯುವವರನ್ನು ನಿತ್ಯ ಕಾಡುವ ತೊಡಕು ಇದು. ಒಂದೆಡೆ ಆದ ಬದಲಾವಣೆಯನ್ನು ಅದಕ್ಕೆ ಸಂಬಂಧಪಟ್ಟ ಇನ್ನೊಂದೆಡೆಗೆ ತಿಳಿಸುವುದು ಹೇಗೆ ಎಂಬ ಈ ಪ್ರಶ್ನೆಗೆ ಮೊಬೈಲ್ ಹುಟ್ಟುವ ಮುನ್ನವೇ ಬುನಾದಿ ಹಾಕಿದವರಲ್ಲಿ ನಾರ್ವೆಯ ಗಣಿತಜ್ಞ ಕ್ರಿಸ್ಟನ್ ನೈಗಾರ್ಡ್ ಪ್ರಮುಖರು. ಅವರು ಅದೇ ಪ್ರಶ್ನೆಯನ್ನು ಕಾರ್ಖಾನೆಯ ಕಾರ್ಮಿಕರ ಪರವಾಗಿಯೂ ಕೇಳಿದರು ಎಂಬುದು ಅವರ ಬದುಕಿನ ವಿಶೇಷ.

ರಕ್ಷಣಾ ಸಂಶೋಧನೆಯಿಂದ ಆರಂಭ

ನೈಗಾರ್ಡ್ 1926ರ ಆಗಸ್ಟ್ 27ರಂದು ಓಸ್ಲೊದಲ್ಲಿ ಜನಿಸಿದರು. 1948ರಲ್ಲಿ ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿ, ಹನ್ನೆರಡು ವರ್ಷ ಅಲ್ಲಿ ದುಡಿದರು. ಆರಂಭದಲ್ಲಿ ಲೆಕ್ಕಾಚಾರ ಮತ್ತು ಪ್ರೋಗ್ರಾಮಿಂಗ್ ಅವರ ಕೆಲಸವಾಗಿತ್ತು. ಮುಂದೆ ಕಾರ್ಯಾಚರಣೆ ಸಂಶೋಧನೆಯ ಹೊಣೆ ಬಂತು. ಜನ, ಯಂತ್ರ, ಸರಕು, ಕಾಲ ಇವೆಲ್ಲ ಸೇರಿದ ವ್ಯವಸ್ಥೆ ಎಲ್ಲಿ ಸಾಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಲೆಕ್ಕ ಹಾಕಿ ಹೇಳುವುದೇ ಈ ಶಾಸ್ತ್ರದ ಕೆಲಸ. ಉದ್ಯೋಗದ ನಡುವೆಯೇ 1956ರಲ್ಲಿ ಓಸ್ಲೊ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

1960ರಲ್ಲಿ ಅವರು ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ಗೆ ಬಂದರು. ಸಂಕೀರ್ಣ ವ್ಯವಸ್ಥೆಯನ್ನು ವಿವರಿಸಲು ಆಗಿನ ಕಂಪ್ಯೂಟರ್ ಭಾಷೆಗಳು ಸಾಲವೆಂಬುದು ಅವರ ಅನುಭವವಾಗಿತ್ತು. ಆ ಭಾಷೆಗಳಲ್ಲಿ ಪ್ರೋಗ್ರಾಮೆಂದರೆ ಮೇಲಿನಿಂದ ಕೆಳಕ್ಕೆ ಸಾಗುವ ಆಜ್ಞೆಗಳ ಪಟ್ಟಿ. ಆದರೆ ಬ್ಯಾಂಕಿನ ಕೌಂಟರ್ ಆಗಲಿ, ಬಂದರಾಗಲಿ, ಕೊಬ್ಬರಿ ಮಂಡಿಯಾಗಲಿ ಒಂದೇ ಸಾಲಿನಲ್ಲಿ ಸಾಗುವುದಿಲ್ಲ. ಒಬ್ಬ ತೂಗುವಾಗ ಇನ್ನೊಬ್ಬ ಕಾಯುತ್ತಾನೆ, ಮತ್ತೊಬ್ಬ ದರ ನಮೂದಿಸುತ್ತಾನೆ. ಪ್ರತಿಯೊಬ್ಬರಿಗೂ ತಮ್ಮದೇ ಮಾಹಿತಿ, ತಮ್ಮದೇ ಕೆಲಸ ಇರುತ್ತದೆ. ಇದನ್ನು ಹಾಗೆಯೇ ಚಿತ್ರಿಸಬಲ್ಲ ಭಾಷೆಗೆ ಅವರು ಸಿಮುಲಾ ಎಂದು ಹೆಸರಿಟ್ಟರು.

ಕಪ್ಪುಹಲಗೆಯ ಮುಂದಿನ ಜಟಾಪಟಿ

ಈ ಕೆಲಸಕ್ಕೆ ಸಿಕ್ಕ ಜೊತೆಗಾರ ಓಲೆ-ಯೊಹಾನ್ ದಾಲ್. ನೈಗಾರ್ಡ್ ಅವರಿಗಿಂತ ಐದು ವರ್ಷ ಕಿರಿಯರಾದ ದಾಲ್ ಮಿತಭಾಷಿ, ಪ್ರೋಗ್ರಾಮಿಂಗ್‌ನಲ್ಲಿ ನಿಷ್ಣಾತರು. ನೈಗಾರ್ಡ್ ಗಟ್ಟಿ ದನಿಯ, ವಾದಕ್ಕೆ ಹಿಂಜರಿಯದ ವ್ಯಕ್ತಿ. 1967ರಲ್ಲಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಉದ್ಯೋಗಿಯೊಬ್ಬರು, ಕಪ್ಪುಹಲಗೆಯ ಮುಂದೆ ಇಬ್ಬರು ಜಗಳಕ್ಕೆ ನಿಂತಿದ್ದಾರೆಂದು ಗಾಬರಿಯಿಂದ ದೂರವಾಣಿ ನಿರ್ವಾಹಕಿಯ ಬಳಿ ಓಡಿದ ಪ್ರಸಂಗ ಪ್ರಸಿದ್ಧವಾಗಿದೆ. ಆಕೆ ಕಿವಿಗೊಟ್ಟು ಕೇಳಿ, ಅವರಿಬ್ಬರೂ ಸಿಮುಲಾ ಕುರಿತು ಚರ್ಚಿಸುತ್ತಿದ್ದಾರೆ, ಅಷ್ಟೇ ಎಂದು ಸಮಾಧಾನ ಹೇಳಿದರಂತೆ.

ಹೊರಗಿನ ವಿರೋಧವೂ ಕಡಿಮೆಯಿರಲಿಲ್ಲ. ಇಂಥ ಭಾಷೆಯಿಂದ ಉಪಯೋಗವಿಲ್ಲ ಎಂದವರಿದ್ದರು. ಉಪಯೋಗವಿದೆ, ಆದರೆ ಬೇರೆಯವರು ಈಗಾಗಲೇ ಮಾಡಿದ್ದಾರೆ ಎಂದವರೂ ಇದ್ದರು. ನಾರ್ವೆಯಂಥ ಪುಟ್ಟ ದೇಶಕ್ಕೆ ಇದು ಹೇಳಿಸಿದ ಕೆಲಸವಲ್ಲ ಎಂಬ ಮಾತೂ ಬಂತು. ನೈಗಾರ್ಡ್ ಹಿಂದೆ ಸರಿಯಲಿಲ್ಲ. ಕೇಂದ್ರಕ್ಕೆ ಯೂನಿವ್ಯಾಕ್ 1107 ಯಂತ್ರವನ್ನು ರಿಯಾಯಿತಿ ದರದಲ್ಲಿ ಪಡೆಯುವ ಮಾತುಕತೆಯಲ್ಲಿ ಸಿಮುಲಾವನ್ನೂ ಸೇರಿಸಿದರು. 1963ರಲ್ಲಿ ಯಂತ್ರ ಓಸ್ಲೊಗೆ ಬಂತು. ಸಿಮುಲಾದ ಮೊದಲ ರೂಪ 1965ರ ಹೊತ್ತಿಗೆ ಬಳಕೆಗೆ ಸಿದ್ಧವಾಯಿತು. ಸುಧಾರಿತ ರೂಪವಾದ ಸಿಮುಲಾ 67 ಅನ್ನು 1967ರ ಮೇ ತಿಂಗಳಲ್ಲಿ ಓಸ್ಲೊ ಬಳಿಯ ಲೀಸೆಬುವಿನಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಲಾಯಿತು.

ಮಲಗಿದ್ದನ್ನು ಎಬ್ಬಿಸುವ ಏರ್ಪಾಡು

ಸಿಮುಲಾ 67ರ ಜೀವಾಳ ಆಬ್ಜೆಕ್ಟ್ ಎಂಬ ಕಲ್ಪನೆ. ಮಾಹಿತಿ ಮತ್ತು ಆ ಮಾಹಿತಿಯ ಮೇಲೆ ನಡೆಯುವ ಕೆಲಸ ಎರಡನ್ನೂ ಒಟ್ಟಿಗೆ ಕಟ್ಟಿದ ಘಟಕವೇ ಆಬ್ಜೆಕ್ಟ್. ಒಂದೇ ಬಗೆಯ ಆಬ್ಜೆಕ್ಟ್‌ಗಳಿಗೆ ಸಮಾನ ಅಚ್ಚಾಗಿ ಕ್ಲಾಸ್ ಇರುತ್ತದೆ. ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಪಡೆದುಕೊಂಡು ಬೆಳೆಯಬಲ್ಲದು. ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ಆಬ್ಜೆಕ್ಟ್ ಆಧಾರಿತ ಪ್ರೋಗ್ರಾಮಿಂಗ್‌ನ ಮೂಲ ಇದೇ.

ಪರದೆಗಳ ಸಮಸ್ಯೆಗೆ ಹತ್ತಿರವಾದ ಇನ್ನೊಂದು ಏರ್ಪಾಡೂ ಸಿಮುಲಾದಲ್ಲಿತ್ತು. ಕೆಲಸವಿಲ್ಲದ ಆಬ್ಜೆಕ್ಟ್ ತಾನಾಗಿ ನಿದ್ರೆಗೆ ಜಾರಬಹುದಿತ್ತು. ಅಗತ್ಯ ಬಿದ್ದಾಗ ಇನ್ನೊಂದು ಆಬ್ಜೆಕ್ಟ್ ಅದನ್ನು ಎಬ್ಬಿಸಬಹುದಿತ್ತು. ಯಾರು ಯಾವ ಕ್ಷಣಕ್ಕೆ ಏಳಬೇಕು ಎಂಬುದನ್ನು ಘಟನಾ ಸೂಚನೆಗಳ ಸರತಿ ಪಟ್ಟಿಯೊಂದು ನೋಡಿಕೊಳ್ಳುತ್ತಿತ್ತು. ಎಬ್ಬಿಸುವುದನ್ನು ಮರೆತರೆ ಮಲಗಿದ್ದು ಮಲಗಿಯೇ ಇರುತ್ತಿತ್ತು. ಇಂದು ಸೂಚನೆ ತಲುಪದ ಪರದೆ ಹಳೆಯ ದರ ಹಿಡಿದು ನಿಲ್ಲುವುದೂ ಇದೇ ಬಗೆಯ ದೋಷ.

ಓಸ್ಲೊದಿಂದ ಅಂಗೈಗೆ

ಸಿಮುಲಾ ದುಬಾರಿಯಾಗಿದ್ದರಿಂದ ವ್ಯಾಪಕವಾಗಿ ಹರಡಲಿಲ್ಲ. ಹರಡಿದ್ದು ಅದರ ವಿಚಾರ. 1966ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯಕ್ಕೆ ಸೇರಿದ ಅಲನ್ ಕೇ ಅವರಿಗೆ ಆಲ್ಗಾಲ್ ಭಾಷೆಯದೆಂದು ಕೊಟ್ಟ ಟೇಪು ಸಿಮುಲಾದ್ದಾಗಿತ್ತು. ಅದರಿಂದ ಪ್ರೇರಿತರಾಗಿ ಅವರು ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಸಹೋದ್ಯೋಗಿಗಳೊಂದಿಗೆ ಸ್ಮಾಲ್‌ಟಾಕ್ ಭಾಷೆಯನ್ನು ರೂಪಿಸಿದರು. ಕೇಂಬ್ರಿಜ್‌ನಲ್ಲಿ ಸಿಮುಲಾ ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಆರಂಭಿಸಿದ ಕೆಲಸ ಸಿ ಪ್ಲಸ್ ಪ್ಲಸ್ ಆಯಿತು. ಆಂಡ್ರಾಯ್ಡ್ ಆ್ಯಪ್‌ಗಳನ್ನು ಮೊದಲು ಬರೆದದ್ದು ಜಾವಾದಲ್ಲಿ, ಐಫೋನ್ ಆ್ಯಪ್‌ಗಳನ್ನು ಆಬ್ಜೆಕ್ಟಿವ್-ಸಿಯಲ್ಲಿ. ಇವೆರಡೂ ಇದೇ ವಂಶವೃಕ್ಷದ ಕೊಂಬೆಗಳು.

ಪರದೆಗೆ ಸುದ್ದಿ ಮುಟ್ಟಿಸುವ ಸೂತ್ರವನ್ನು ಸ್ಪಷ್ಟವಾಗಿ ಬರೆದಿಟ್ಟವರೂ ನಾರ್ವೆಯವರೇ. ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲಿ ಪಾಲೊ ಆಲ್ಟೊದಲ್ಲಿದ್ದಾಗ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ವಿಂಗಡಣೆಯನ್ನು ಮಂಡಿಸಿದರು. ಅಸಲು ಮಾಹಿತಿ ಮಾಡೆಲ್‌ನಲ್ಲಿ ಇರುತ್ತದೆ. ಅದನ್ನು ತೋರಿಸುವ ಪರದೆಗಳು ಎಷ್ಟಾದರೂ ಇರಬಹುದು. ಈ ಪದ್ಧತಿಯಲ್ಲಿ ಪರದೆಗಳು ಮಾಡೆಲ್‌ನ ಬಳಿ ಹೆಸರು ನೋಂದಾಯಿಸಿಕೊಳ್ಳುತ್ತವೆ. ಮಾಹಿತಿ ಬದಲಾದೊಡನೆ ಹೆಸರು ಬರೆಸಿದವರಿಗೆಲ್ಲ ಸೂಚನೆ ಹೋಗುತ್ತದೆ.

ಸುದ್ದಿ ತಪ್ಪುವುದೆಲ್ಲಿ?

ಸೂತ್ರ ಸರಳ, ಎಡವುವ ಜಾಗಗಳು ಹಲವು. ಎರಡು ಪರದೆಗಳು ಒಂದೇ ದರದ ಬೇರೆ ಬೇರೆ ನಕಲು ಇಟ್ಟುಕೊಂಡರೆ ಒಂದು ಬದಲಾದದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಅಸಲು ಒಂದೇ ಕಡೆ ಇದ್ದು ಎರಡೂ ಪರದೆಗಳು ಅದನ್ನೇ ನೋಡಬೇಕು. ಪರದೆ ತೆರೆದಾಗಲೆಲ್ಲ ಹೊಸದಾಗಿ ಹೆಸರು ಬರೆಸಿ, ಮುಚ್ಚುವಾಗ ಅಳಿಸದಿದ್ದರೆ ಒಂದೇ ಸೂಚನೆ ಮತ್ತೆ ಮತ್ತೆ ಬರುತ್ತದೆ. ಮುಚ್ಚಿದ ಪರದೆಯ ಹೆಸರು ಪಟ್ಟಿಯಲ್ಲೇ ಉಳಿದರೆ ಮೆಮೊರಿ ವ್ಯರ್ಥವಾಗುತ್ತದೆ, ಆ್ಯಪ್ ಹಠಾತ್ತನೆ ನಿಲ್ಲುವುದೂ ಉಂಟು. ಪರದೆ ಸಿದ್ಧವಾಗುವ ಮೊದಲೇ ಹೊರಟ ಸೂಚನೆ ಕೇಳುವವರಿಲ್ಲದೆ ಕಳೆದುಹೋಗುತ್ತದೆ. ಆದ್ದರಿಂದ ಪರದೆ ತೆರೆದೊಡನೆ ಸದ್ಯದ ಸ್ಥಿತಿಯನ್ನು ಒಮ್ಮೆ ತಾನಾಗಿ ಕೇಳಿ ಪಡೆಯುವುದು ಲೇಸು. ಇನ್ನೊಂದು ನಿಯಮವೂ ಇದೆ. ಹಿನ್ನೆಲೆಯಲ್ಲಿ ನಡೆಯುವ ಕೆಲಸ ನೇರವಾಗಿ ಪರದೆಗೆ ಕೈಹಾಕುವಂತಿಲ್ಲ. ಪರದೆಯನ್ನು ತಿದ್ದುವ ಹೊಣೆ ಆ್ಯಪ್‌ನ ಮುಖ್ಯ ಎಳೆಗೆ ಸೇರಿದ್ದು.

ದೋಷ ಪತ್ತೆಯ ಕ್ರಮ ತೋಟದವರಿಗೆ ಹೊಸದಲ್ಲ. ತೆಂಗಿನ ಬುಡಕ್ಕೆ ನೀರು ಬಾರದಿದ್ದರೆ ಮೋಟಾರಿನಿಂದ ಹೊರಟು ವಾಲ್ವು, ಪೈಪು, ಕೊನೆಯ ತೂತಿನವರೆಗೆ ನೋಡುತ್ತ ಹೋಗುತ್ತಾರೆ. ಇಲ್ಲಿಯೂ ಹಾಗೆಯೇ. ಅಸಲು ಮಾಹಿತಿ ನಿಜಕ್ಕೂ ಬದಲಾಯಿತೇ, ಸೂಚನೆ ಹೊರಟಿತೇ, ಪರದೆ ಹೆಸರು ಬರೆಸಿತ್ತೇ, ಸೂಚನೆ ತಲುಪಿತೇ, ತಲುಪಿದ ಮೇಲೆ ಪರದೆ ತನ್ನನ್ನು ಮತ್ತೆ ಬಿಡಿಸಿಕೊಂಡಿತೇ ಎಂದು ಒಂದೊಂದೇ ಹಂತವನ್ನು ಪರೀಕ್ಷಿಸಬೇಕು. ನಡುವಿನ ಹಂತ ಬಿಟ್ಟು ಊಹೆಗೆ ಇಳಿದರೆ ದೋಷ ಕೈಗೆ ಸಿಗುವುದಿಲ್ಲ.

ಕಾರ್ಮಿಕರ ನಡುವೆ

ಸಿಮುಲಾದ ಯಶಸ್ಸಿನೊಂದಿಗೆ ನೈಗಾರ್ಡ್ ಅವರಿಗೆ ಒಂದು ಕಳವಳವೂ ಹುಟ್ಟಿತು. ಕಾರ್ಖಾನೆಯ ಕೆಲಸವನ್ನು ಪ್ರೋಗ್ರಾಮಿನಲ್ಲಿ ಇಷ್ಟು ನಿಖರವಾಗಿ ಚಿತ್ರಿಸಬಹುದಾದರೆ ಆ ಬಲ ಸೇರುವುದು ಯಾರ ಕೈಗೆ? ಯಂತ್ರದ ಮುಂದೆ ನಿಲ್ಲುವವನಿಗೆ ತನ್ನ ಕೆಲಸವನ್ನು ಬದಲಿಸುವ ವ್ಯವಸ್ಥೆಯ ಸುಳಿವೇ ಇರುವುದಿಲ್ಲ. ತಾವು ರೂಪಿಸಿದ ಸಾಧನ ದುಡಿಯುವವರ ವಿರುದ್ಧ ತಿರುಗಬಹುದೆಂಬ ಅರಿವು ಅವರ ದಿಕ್ಕನ್ನೇ ಬದಲಿಸಿತು.

ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ 1970ರ ದಶಕದ ಆರಂಭದಲ್ಲಿ ಅವರು ಒಂದು ಯೋಜನೆಗೆ ಕೈಹಾಕಿದರು. ಕಾರ್ಖಾನೆಗೆ ಬರುವ ಕಂಪ್ಯೂಟರ್ ವ್ಯವಸ್ಥೆಗಳನ್ನು ಕಾರ್ಮಿಕರೇ ಅಧ್ಯಯನ ಮಾಡಿ, ತಮ್ಮ ಬೇಡಿಕೆಗಳನ್ನು ತಾವೇ ಬರೆಯಬೇಕಿತ್ತು. ತಜ್ಞರ ವರದಿಗಳ ಎಣಿಕೆಯ ಬದಲು ಕಾರ್ಮಿಕರು ಕೈಗೊಂಡ ಕ್ರಮಗಳನ್ನೇ ಯೋಜನೆಯ ಫಲವೆಂದು ಪರಿಗಣಿಸುವ ನಿರ್ಧಾರವಾಯಿತು. ಇದರ ಪರಿಣಾಮ ದೂರಕ್ಕೆ ಮುಟ್ಟಿತು. 1975ರಲ್ಲಿ ಕಾರ್ಮಿಕ ಒಕ್ಕೂಟ ಮತ್ತು ಮಾಲೀಕರ ಸಂಘದ ನಡುವೆ ರಾಷ್ಟ್ರಮಟ್ಟದ ಒಪ್ಪಂದವಾಯಿತು. ಹೊಸ ವ್ಯವಸ್ಥೆಯ ಮಾಹಿತಿ ಪಡೆಯುವ ಹಾಗೂ ಅದರ ರೂಪಣೆಯಲ್ಲಿ ಪಾಲ್ಗೊಳ್ಳುವ ಹಕ್ಕು ದುಡಿಯುವವರಿಗೆ ಲಭಿಸಿತು. ಕಂಪ್ಯೂಟರ್ ವಿಷಯಗಳಿಗೆಂದೇ ಕಾರ್ಮಿಕ ಪ್ರತಿನಿಧಿಗಳು ಬಂದರು. ನಾರ್ವೆಯ 1977ರ ಕೆಲಸದ ಪರಿಸರ ಕಾಯ್ದೆಯಲ್ಲಿಯೂ ಈ ಆಶಯಕ್ಕೆ ಸ್ಥಾನ ದೊರೆಯಿತು. ಬಳಕೆದಾರರನ್ನು ಜೊತೆಗಿರಿಸಿಕೊಂಡು ತಂತ್ರಾಂಶ ರೂಪಿಸುವ ಇಂದಿನ ಪದ್ಧತಿಯ ಬೇರುಗಳಲ್ಲಿ ಇದೂ ಒಂದು.

ಮುಂದೆ ಅವರು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ, ಬಳಿಕ ಓಸ್ಲೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಡೆನ್ಮಾರ್ಕಿನ ಸಂಗಾತಿಗಳೊಡನೆ ಬೀಟಾ ಎಂಬ ಭಾಷೆಯನ್ನು ರೂಪಿಸುವುದರಲ್ಲಿಯೂ ತೊಡಗಿದರು. ಪ್ರಯೋಗಾಲಯದ ಆಚೆಯ ಬದುಕು ಅವರನ್ನು ಎಂದೂ ಬಿಡಲಿಲ್ಲ. ಯುರೋಪಿಯನ್ ಒಕ್ಕೂಟ ಸೇರುವುದನ್ನು ವಿರೋಧಿಸಿದ ಚಳವಳಿಗೆ 1990ರಿಂದ 1995ರವರೆಗೆ ಅವರೇ ನಾಯಕರು. 1994ರ ನವೆಂಬರ್ 28ರ ಜನಮತಗಣನೆಯಲ್ಲಿ ಶೇ 52.2ರಷ್ಟು ಮತದಾರರು ಸೇರ್ಪಡೆ ಬೇಡವೆಂದರು.

ಆರು ವಾರಗಳ ಅಂತರ

ಮನ್ನಣೆ ತಡವಾಗಿ, ಆದರೆ ಒಟ್ಟಿಗೆ ಬಂತು. ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ 2001ನೇ ಸಾಲಿಗೆ ನೈಗಾರ್ಡ್ ಮತ್ತು ದಾಲ್ ಜಂಟಿಯಾಗಿ ಆಯ್ಕೆಯಾದರು. 2002ರ ಜಾನ್ ವಾನ್ ನ್ಯೂಮನ್ ಪದಕವೂ ಇಬ್ಬರಿಗೂ ಸಂದಿತು. ಅದೇ ವರ್ಷ ಜೂನ್ 29ರಂದು ದಾಲ್ ತೀರಿಕೊಂಡರು. ಆರು ವಾರ ಕಳೆದು ಆಗಸ್ಟ್ 10ರಂದು ಹೃದಯಾಘಾತದಿಂದ ನೈಗಾರ್ಡ್ ನಿಧನರಾದರು. ಅವರಿಗೆ 76 ತುಂಬಲು ಮೂರು ವಾರವೂ ಉಳಿದಿರಲಿಲ್ಲ. ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಸುವ ಹೊಸ ವಿಧಾನವೊಂದರಲ್ಲಿ ಅವರು ಆಗಲೂ ಮಗ್ನರಾಗಿದ್ದರು. ಓಸ್ಲೊ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದ ಎರಡು ಕಟ್ಟಡಗಳು ಇಂದು ಈ ಇಬ್ಬರ ಹೆಸರು ಹೊತ್ತಿವೆ.

ಐಫೋನ್ ಬಂದದ್ದು 2007ರಲ್ಲಿ, ಮೊದಲ ಆಂಡ್ರಾಯ್ಡ್ ಫೋನ್ 2008ರಲ್ಲಿ. ಅವೆರಡನ್ನೂ ನೈಗಾರ್ಡ್ ಕಾಣಲಿಲ್ಲ. ಆದರೆ ಅವರು ಬಿಟ್ಟುಹೋದ ಪಾಠ ಎರಡು ನೆಲೆಯಲ್ಲೂ ಒಂದೇ. ಬದಲಾವಣೆ ಯಾರನ್ನು ತಟ್ಟುತ್ತದೋ ಅವರ ಹೆಸರು ಸೂಚನೆಯ ಪಟ್ಟಿಯಲ್ಲಿರಬೇಕು. ಪರದೆಯ ಹೆಸರು ಬಿಟ್ಟುಹೋದರೆ ಪ್ರೋಗ್ರಾಮರ್ ಒಂದು ಸಾಲು ಸೇರಿಸಿ ಸರಿಪಡಿಸಬಲ್ಲ. ಅಟ್ಟದಲ್ಲಿ ಕೊಬ್ಬರಿ ಕಾಪಿಟ್ಟು ದರಕ್ಕೆ ಕಾಯುವ ಬೆಳೆಗಾರನ ಹೆಸರು ಪಟ್ಟಿಯಲ್ಲಿ ಇರುವಂತೆ ನೋಡಿಕೊಳ್ಳುವ ಹೊಣೆ ಪ್ರೋಗ್ರಾಮರ್ ಒಬ್ಬನದಲ್ಲ, ವ್ಯವಸ್ಥೆ ರೂಪಿಸುವ ಎಲ್ಲರದೂ ಹೌದು.