ಹಾಡನ್ನು ಕೂಡಿಟ್ಟ ಅರಸು: ಜಯಚಾಮರಾಜ ಒಡೆಯರ್

ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರ್ ಅವರನ್ನು ನಾವು ಸಾಮಾನ್ಯವಾಗಿ ನೆನೆಯುವುದು ದಸರೆಯ ಅಂಬಾರಿಯಲ್ಲಿ ಕುಳಿತ ಅರಸರೆಂದು, ತತ್ತ್ವಶಾಸ್ತ್ರದ ವಿದ್ವಾಂಸರೆಂದು, ಶ್ರೀವಿದ್ಯಾ ಅಂಕಿತದ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು. ಅವರು ತಮ್ಮ ಕಾಲದ ಅತಿದೊಡ್ಡ ಧ್ವನಿಮುದ್ರಿಕೆ ಸಂಗ್ರಾಹಕರಲ್ಲಿ ಒಬ್ಬರಾಗಿದ್ದರೆಂಬ ಸಂಗತಿ ಕನ್ನಡನಾಡಿನೊಳಗೇ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ಕೂಡಿಡುವವರು, ಒಂದೆಡೆ ಕುಳಿತು ಕೇಳುವವರು, ತಮ್ಮಲ್ಲಿಲ್ಲದ್ದನ್ನು ಒಬ್ಬರಿಂದೊಬ್ಬರು ಪಡೆದುಕೊಳ್ಳುವವರು ಇಂದಿಗೂ ಅಲ್ಲಲ್ಲಿ ಇದ್ದಾರೆ. ಆ ಹವ್ಯಾಸದ ಬಳಗಕ್ಕೆ ಕನ್ನಡಿಗರ ಪಾಲಿನಿಂದ ಒಬ್ಬ ಹಿರಿಯರನ್ನು ಹೆಸರಿಸಬೇಕಾದರೆ ಅದು ಈ ಅರಸರ ಹೆಸರೇ.

ರಾಯದುರ್ಗ, ಮಡಕಶಿರಾಗಳ ನಾವು ಮೈಸೂರು ಅರಸರ ಪ್ರಜೆಗಳಾಗಿದ್ದವರಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ತಾಲ್ಲೂಕುಗಳೆರಡೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ರಾಯದುರ್ಗವು ಬಳ್ಳಾರಿ ಜಿಲ್ಲೆಯ ಭಾಗ. ಮಡಕಶಿರಾ ಅನಂತಪುರ ಜಿಲ್ಲೆಯಲ್ಲಿದ್ದರೂ ಮೂರು ದಿಕ್ಕಿಗೆ ಮೈಸೂರು ಸೀಮೆಯನ್ನೇ ನೆರೆಯಾಗಿ ಹೊಂದಿದ್ದ ತಾಲ್ಲೂಕು. ಹೀಗಿದ್ದರೂ ಈ ಅರಸರ ಬದುಕಿನಲ್ಲಿ ನಾವು ಕಲಿಯಬೇಕಾದ ಒಂದು ಪಾಠವಿದೆ ಎಂಬುದು ನಮ್ಮ ಭಾವನೆ. ಆ ಪಾಠ ಸಿಂಹಾಸನಕ್ಕೆ ಸಂಬಂಧಿಸಿದ್ದಲ್ಲ, ಕೇಳುವ ಕಿವಿಗೆ ಸಂಬಂಧಿಸಿದ್ದು.

ಜಯಚಾಮರಾಜ ಒಡೆಯರ್ ಜನಿಸಿದ್ದು 1919ರ ಜುಲೈ 18ರಂದು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ಕೆಂಪು ಚೆಲುವಾಜಮ್ಮಣ್ಣಿಯವರ ಏಕಮಾತ್ರ ಪುತ್ರರು. ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ ಮೈಸೂರು ಸಂಗೀತದ ರಾಜಧಾನಿಯೇ ಆಗಿತ್ತು. ಒಂದೆಡೆ ವೀಣೆಯ ಪರಂಪರೆ, ಮೈಸೂರು ವಾಸುದೇವಾಚಾರ್ಯರಂತಹ ವಾಗ್ಗೇಯಕಾರರು. ಇನ್ನೊಂದೆಡೆ ಪಾಶ್ಚಾತ್ಯ ವಾದ್ಯಗಳ ಅರಮನೆ ಬ್ಯಾಂಡ್. ಹಿಂದೂಸ್ತಾನದಲ್ಲಿ ಧ್ವನಿಮುದ್ರಣದ ಯುಗ ಆರಂಭವಾದ 1902ರಲ್ಲೇ ಗ್ರಾಮಫೋನ್ ಕಂಪನಿಗಾಗಿ ಹಾಡಿ ಮನೆಮಾತಾಗಿದ್ದ ಗೌಹರ್ ಜಾನ್ ಸಹ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂತಹ ಪರಿಸರದಲ್ಲಿ ಬೆಳೆದ ಬಾಲಕನಿಗೆ ಸಂಗೀತವೆಂದರೆ ಒಂದೇ ಬಗೆಯದೆಂಬ ಕಟ್ಟು ಇರಲಿಲ್ಲ.

ಅವರು ಮೊದಲು ಒಲಿದದ್ದು ಪಿಯಾನೋಗೆ. ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. ರಷ್ಯಾದ ಹೆಸರಾಂತ ಪಿಯಾನೋ ವಾದಕ ರಾಖ್ಮನಿನೋವ್ ಅವರಲ್ಲಿ ಶಿಷ್ಯವೃತ್ತಿ ಮಾಡಿ ಕಛೇರಿಯ ಕಲಾವಿದರಾಗಬೇಕೆಂಬ ಹಂಬಲ ಅವರಿಗಿತ್ತು. ಆದರೆ 1940 ಆ ಹಂಬಲಕ್ಕೆ ತೆರೆ ಎಳೆದ ವರ್ಷ. ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪನವರೂ ಕಾಲವಾದರು. ಸೆಪ್ಟೆಂಬರ್‌ನಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಪಟ್ಟವೇರಬೇಕಾಯಿತು. ಹೊರಗೆ ಮಹಾಯುದ್ಧ, ಒಳಗೆ ರಾಜ್ಯಭಾರ. ಪಿಯಾನೋ ವಾದಕನಾಗುವ ದಾರಿ ಮುಚ್ಚಿಹೋಯಿತು. ಆದರೂ ಅಭ್ಯಾಸವನ್ನು ಅವರು ಪೂರ್ತಿ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಮನ್ನಣೆಯೂ ಅವರಿಗೆ ಸಂದವು. ತಾವು ವೇದಿಕೆಯೇರಿ ನುಡಿಸಲಾಗದ ಸಂಗೀತವನ್ನು ತಟ್ಟೆಗಳ ಮೂಲಕ ಅರಮನೆಗೇ ಬರಮಾಡಿಕೊಂಡರು.

ಇಂದಿನ ವಿದ್ಯಾರ್ಥಿಗಳಿಗೆ ಆ ತಟ್ಟೆಗಳ ಸ್ವರೂಪವನ್ನು ತಿಳಿಸಿ ಮುಂದುವರಿಯುವುದು ಒಳಿತು. ಜನ ಅದನ್ನು ಪ್ಲೇಟು ಎಂದೇ ಕರೆಯುತ್ತಿದ್ದರು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಮೂರರಿಂದ ನಾಲ್ಕೂವರೆ ನಿಮಿಷದ ಧ್ವನಿ ಮಾತ್ರ. ಅದರ ಮುಖ್ಯ ಕಚ್ಚಾವಸ್ತು ಅರಗು. ಮರದ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಈ ಅರಗು ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಜಗತ್ತಿಗೆಲ್ಲ ಹೋಗುತ್ತಿತ್ತು. ನಾಟಕದ ಹಾಡು, ದೇವರನಾಮ, ಭಾವಗೀತೆಗಳಂತಹ ಹಗುರವಾದ, ಸುಗಮವಾದ ಸಂಗೀತಕ್ಕೆ ಮೂರು ನಿಮಿಷ ಸಾಲುತ್ತಿತ್ತು. ನಮ್ಮ ಭಾಗದ ಮನೆಗಳಿಗೆ ಗ್ರಾಮಫೋನ್ ತಂದದ್ದೂ ಅಂತಹ ಹಾಡುಗಳನ್ನೇ. ಆದರೆ ಅರ್ಧ ಗಂಟೆಯ ಒಂದು ದೊಡ್ಡ ಕೃತಿಗೆ ಏಳೆಂಟು ಮುಖಗಳು ಬೇಕಾಗುತ್ತಿದ್ದವು. ಖರ್ಚು ಹೆಚ್ಚು, ಕೊಳ್ಳುವವರು ಕಡಿಮೆ. ಆದ್ದರಿಂದ ಕಂಪನಿಗಳು ಹೆಸರಾದ ಕೃತಿಗಳನ್ನೇ ಮತ್ತೆಮತ್ತೆ ಮುದ್ರಿಸಿ, ಉಳಿದುವನ್ನು ಕೈಬಿಡುತ್ತಿದ್ದವು.

ಈ ತೊಡಕಿಗೆ ಕೇಳುಗರೇ ಒಂದು ಪರಿಹಾರ ಕಂಡುಕೊಂಡಿದ್ದರು. 1931ರಲ್ಲಿ ಲಂಡನ್ನಿನ ವಾಲ್ಟರ್ ಲೆಗ್ ಎಂಬ ತರುಣ, ಧ್ವನಿಮುದ್ರಿಕೆ ಕಂಪನಿಯ ಆಶ್ರಯದಲ್ಲಿ, ಹ್ಯೂಗೋ ವೋಲ್ಫ್ ಎಂಬ ಸಂಗೀತಕಾರನ ಹೆಸರಿನಲ್ಲಿ ಒಂದು ಸಂಘವನ್ನು ಹುಟ್ಟುಹಾಕಿದನು. ಐನೂರು ಮಂದಿ ಮುಂಗಡ ಹಣ ಕೊಟ್ಟು ಸದಸ್ಯರಾದರೆ ಆ ಹಾಡುಗಳನ್ನು ಮುದ್ರಿಸಬೇಕೆಂಬುದು ಕರಾರು. ಸದಸ್ಯರು ದೂರದ ಜಪಾನಿನಿಂದಲೂ ದೊರೆತರು, ಹಾಡುಗಳು ತಟ್ಟೆಗಿಳಿದವು. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ, ಒಬ್ಬರ ಮುಖವನ್ನೊಬ್ಬರು ಕಾಣದ ಐನೂರು ರಸಿಕರು ಸೇರಿ, ವ್ಯಾಪಾರದ ಲೆಕ್ಕದಲ್ಲಿ ಬಾರದ ಸಂಗೀತವೊಂದನ್ನು ಉಳಿಸಿಕೊಂಡ ಬಗೆ ಇದು.

ಮೈಸೂರಿನ ಅರಸರು ಇದೇ ಮಾರ್ಗವನ್ನು ಹಿಡಿದು ಇನ್ನೂ ಮುಂದೆ ಹೋದರು. ಅವರ ಮೆಚ್ಚಿನ ಸಂಗೀತಕಾರರಲ್ಲಿ ನಿಕೊಲಾಯ್ ಮೆಟ್ನರ್ ಒಬ್ಬರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಕ್ರಾಂತಿಯ ಬಳಿಕ 1921ರಲ್ಲಿ ತಾಯ್ನಾಡನ್ನು ತೊರೆದು, ಊರೂರು ಅಲೆದು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಸಿಗುತ್ತಿದ್ದ ಆದಾಯವೂ ನಿಂತುಹೋಯಿತು, ಆರೋಗ್ಯ ಕೆಟ್ಟಿತು. ಕಾಲದ ಹೊಸ ರೀತಿಗಳಿಗೆ ಮಣಿಯದ ಅವರ ಸಂಗೀತಕ್ಕೆ ಕೇಳುಗರು ವಿರಳವಾಗಿದ್ದರು. ಪರದೇಶದಲ್ಲಿ, ತನ್ನ ನುಡಿಯವರಿಲ್ಲದ ನಗರದಲ್ಲಿ ಮರೆಯಾಗುತ್ತಿದ್ದ ಆ ಮುದುಕನ ಕೈಹಿಡಿದದ್ದು ಸಾವಿರಾರು ಮೈಲಿ ದೂರದ ಮೈಸೂರು.

1940ರ ದಶಕದ ಕೊನೆಯ ವರ್ಷಗಳಲ್ಲಿ ಜಯಚಾಮರಾಜ ಒಡೆಯರ್ ಮೆಟ್ನರ್ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿ, ಅವರ ಕೃತಿಗಳ ಮುದ್ರಣದ ವೆಚ್ಚವನ್ನು ತಾವು ಹೊತ್ತರು. ದೇಹ ಕುಗ್ಗುತ್ತಿದ್ದರೂ ಮೆಟ್ನರ್ ತಮ್ಮ ಮೂರು ಪಿಯಾನೋ ಕಾನ್ಚೆರ್ಟೋಗಳನ್ನೂ ಹಲವು ಹಾಡುಗಳನ್ನೂ ಬಿಡಿ ಕೃತಿಗಳನ್ನೂ ಸ್ವತಃ ಪಿಯಾನೋ ಮುಂದೆ ಕುಳಿತು ಧ್ವನಿಮುದ್ರಿಸಿದರು. ಮೂರನೆಯ ಕಾನ್ಚೆರ್ಟೋವನ್ನು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಇಂದು ಜಗತ್ತಿನ ಯಾವುದೇ ಮೂಲೆಯ ವಿದ್ಯಾರ್ಥಿ ಮೆಟ್ನರ್ ತಮ್ಮ ಕಾನ್ಚೆರ್ಟೋಗಳನ್ನು ತಾವೇ ಹೇಗೆ ನುಡಿಸುತ್ತಿದ್ದರೆಂದು ಕೇಳಲು ಸಾಧ್ಯವಾಗಿದ್ದರೆ, ಅದಕ್ಕೆ ಕಾರಣ ಕನ್ನಡನಾಡಿನ ಒಬ್ಬ ಕೇಳುಗ.

ವಾಲ್ಟರ್ ಲೆಗ್ ಯುದ್ಧಾನಂತರ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದಾಗ ಅದರ ಸಂಗೀತ ಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರೇ. ಲೆಗ್ ಮೈಸೂರಿಗೂ ಬಂದು, ಅರಮನೆಯ ಧ್ವನಿಮುದ್ರಿಕೆಗಳ ಭಂಡಾರವನ್ನೂ ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನೂ ಪಿಯಾನೋಗಳನ್ನೂ ಕಂಡು ಬೆರಗಾದರು. ಎಳೆಯ ವಯಸ್ಸಿನ ಅರಸರು ತಮ್ಮ ಭಂಡಾರದಲ್ಲಿ ಯಾವುದಿದೆ ಎಂಬುದಕ್ಕಿಂತ ಯಾವುದಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಯಾರೂ ಮುದ್ರಿಸದೆ ಬಿಟ್ಟಿದ್ದ ಕೃತಿಗಳ ಹೆಸರು ಹೇಳಿ, ಅವನ್ನು ಮುದ್ರಿಸಬೇಕೆಂದು ಕೇಳಿದರು. ಅದಕ್ಕೆ ಹಣವನ್ನೂ ಕೊಟ್ಟರು. ಬಲಾಕಿರೆವ್ ಅವರ ಸಿಂಫನಿಯನ್ನು ಕರಾಯನ್ ನಿರ್ದೇಶನದಲ್ಲಿ 1949ರಲ್ಲಿ ಮುದ್ರಿಸಿದ್ದು ಹೀಗೆ.

ಜರ್ಮನಿಯ ರಿಚರ್ಡ್ ಸ್ಟ್ರೌಸ್ ಮರಣಕ್ಕೆ ಮುನ್ನ ರಚಿಸಿದ ಕೊನೆಯ ನಾಲ್ಕು ಹಾಡುಗಳ ಕಥೆಯೂ ಇಂತಹದೇ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಫ್ಲಾಗ್‌ಸ್ಟಾಡ್ ಎಂಬ ಗಾಯಕಿ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ, ಅವನ್ನು ಮೊದಲ ಬಾರಿಗೆ ಹಾಡಿದರು. ಆ ಕಛೇರಿಗೆ 4,800 ಡಾಲರ್‌ಗಳ ಖಾತರಿ ನೀಡಿದವರು ಜಯಚಾಮರಾಜ ಒಡೆಯರ್. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಕಛೇರಿಯ ಮುದ್ರಿಕೆ ಸಮುದ್ರ ದಾಟಿ ಮೈಸೂರಿಗೆ ಬಂದಿತು. ಆ ವೇಳೆಗೆ ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜು.

ಪರರ ಸಂಗೀತಕ್ಕೆ ಇಷ್ಟು ಕಿವಿಗೊಟ್ಟವರು ತಮ್ಮದನ್ನು ಮರೆತರೆಂದು ಯಾರೂ ಭಾವಿಸಬಾರದು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದರು. ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದರು. ಅಪರೂಪದ ರಾಗಗಳಲ್ಲಿ ಸಂಸ್ಕೃತ ಕೃತಿಗಳನ್ನು ಕಟ್ಟಿದರು. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದವೂ ಪುರಾಣಗಳೂ ಕನ್ನಡದ ವಿವರಣೆಯೊಡನೆ ಸಾಮಾನ್ಯ ಓದುಗರ ಕೈಗೆ ಬರುವಂತೆ ಮಾಡಿದರು. ಕನ್ನಡದಲ್ಲಿ ಇಲ್ಲದ್ದನ್ನು ಗುರುತಿಸಿ ಅದನ್ನು ಕನ್ನಡಕ್ಕೆ ತಂದುಕೊಟ್ಟ ಈ ಕೆಲಸದ ಹಿಂದೆ ನಾವು ಕಾಣುವುದು ಅದೇ ಸಂಗ್ರಾಹಕರ ಬುದ್ಧಿಯನ್ನು.

1947ರಲ್ಲಿ ಮೈಸೂರು ಭಾರತದ ಒಕ್ಕೂಟಕ್ಕೆ ಸೇರಿತು. 1950ರಿಂದ ರಾಜಪ್ರಮುಖರಾಗಿದ್ದ ಅವರು ಕರ್ನಾಟಕದ ಏಕೀಕರಣಕ್ಕೆ ಬೆಂಬಲವಾಗಿ ನಿಂತರು. ಹಳೆಯ ಮೈಸೂರು ದೊಡ್ಡ ರಾಜ್ಯದಲ್ಲಿ ಕರಗಿಹೋಗುತ್ತದೆಂದು ಅಂಜುವವರಿದ್ದ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. 1956ರ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರು ರಾಜ್ಯಕ್ಕೆ ಅವರೇ ಮೊದಲ ರಾಜ್ಯಪಾಲರಾದರು.

ಆ ಸಂತಸದ ದಿನ ನಾವು ಗೆರೆಯ ಈಚೆಗೆ ಉಳಿದಿದ್ದೆವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಸೇರಿ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರನ್ನು, ಇಂದಿನ ಹೇಮಾವತಿಯನ್ನು, ತನ್ನೊಳಗೆ ಹೊಂದಿದ್ದ ಮಡಕಶಿರಾ ತಾಲ್ಲೂಕು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. 2022ರಲ್ಲಿ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗದಿಂದಲೂ ಬೇರೆಯಾಯಿತು. ಜಿಲ್ಲೆಗಳು ಬದಲಾದವು, ಅಮರಾಪುರ, ರೊಳ್ಳ, ಅಗಳಿಗಳ ಮನೆಮಾತು, ಡಿ. ಹೀರೇಹಾಳು, ಗುಮ್ಮಗಟ್ಟಗಳ ಮನೆಮಾತು ಬದಲಾಗಲಿಲ್ಲ.

ಒಡೆಯರ್ 1964ರವರೆಗೆ ಮೈಸೂರಿನ, ಆಮೇಲೆ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಗೌರವ ಸಂದಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.

ಅರಸರಿಗೆ ಹಣವಿತ್ತು, ನಮಗಿಲ್ಲ ಎಂದು ಹೇಳಿ ಈ ಬದುಕನ್ನು ಪಕ್ಕಕ್ಕಿಡುವುದು ಸುಲಭ. ಆದರೆ ವೋಲ್ಫ್ ಸಂಘದ ಐನೂರು ಮಂದಿ ಅರಸರಾಗಿರಲಿಲ್ಲ. ಅವರಿಗಿದ್ದದ್ದು ಒಂದು ಸಂಗೀತ ತಮ್ಮ ಕಾಲದಲ್ಲಿ ಅಳಿಯಬಾರದೆಂಬ ಹಟ. ಅಲ್ಪಸಂಖ್ಯಾತರ ಭಾಷೆಗೆ ಒದಗುವ ಕಷ್ಟವೂ ಮೆಟ್ನರ್ ಸಂಗೀತಕ್ಕೆ ಒದಗಿದ ಕಷ್ಟವೂ ಒಂದೇ ಜಾತಿಯವು: ಕೊಳ್ಳುವವರ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಯಾರೂ ಮುದ್ರಿಸುವುದಿಲ್ಲ, ಮುದ್ರಿಸದ್ದನ್ನು ಯಾರೂ ಕೇಳುವುದಿಲ್ಲ, ಕೇಳದ್ದನ್ನು ಮಕ್ಕಳು ಕಲಿಯುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಪಾಠ ಹೇಳುವ ನಮಗೆ ಈ ಸರಪಳಿಯ ಕೊನೆಯ ಕೊಂಡಿ ದಿನವೂ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕನ್ನಡ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲು, ತೇವ ತಾಗದಂತೆ ನೋಡಿಕೊಳ್ಳಿ. ನಡುವಿನ ಕಾಗದದ ಮೇಲಿರುವ ಹಾಡಿನ, ಗಾಯಕರ ಹೆಸರನ್ನೂ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಇಂತಹ ತಟ್ಟೆಗಳಿರುವ ನಾಲ್ಕಾರು ಮನೆಯವರು ತಿಂಗಳಿಗೊಮ್ಮೆ ಒಂದೆಡೆ ಸೇರಿ ಕೇಳಿರಿ, ಮಕ್ಕಳನ್ನೂ ಕೂರಿಸಿಕೊಳ್ಳಿರಿ. ತಟ್ಟೆಗೆ ಎಂದೂ ಇಳಿಯದ ನಮ್ಮ ಸೀಮೆಯ ಸೋಬಾನೆ ಪದಗಳು, ಬೀಸುವ ಪದಗಳು, ಭಜನೆಗಳು ಇನ್ನೂ ಕೆಲವು ಹಿರಿಯರ ಕಂಠದಲ್ಲಿವೆ. ಈಗ ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಆ ಅಜ್ಜಿಯ ಹೆಸರು, ಊರು, ದಿನಾಂಕವನ್ನು ಮೊದಲು ಹೇಳಿಸಿ, ಬಳಿಕ ಹಾಡನ್ನು ಮುದ್ರಿಸಿಕೊಳ್ಳಲು ಅದೊಂದೇ ಸಾಕು. ಈ ದಸರೆ ರಜೆಯಲ್ಲಿ ಪ್ರತಿ ಕನ್ನಡ ಶಾಲೆಯ ಮಕ್ಕಳು ತಲಾ ಒಂದು ಹಾಡನ್ನು ಹೀಗೆ ತಂದರೆ, ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ನಮ್ಮದೂ ಒಂದು ಭಂಡಾರ ಆರಂಭವಾಗಿರುತ್ತದೆ.