ಕಣ್ಣು ಕಾಣದಾತ ಕೊಟ್ಟ ಕ್ರೂಸ್ ಕಂಟ್ರೋಲ್! ರಾಲ್ಫ್ ಟೀಟರ್ ಎಂಬ ಎಂಜಿನಿಯರ್ ಕಥೆ ಇದು

ಮುಂಬೈಯಿಂದ ಪುಣೆ ಇರಲಿ, ಬೆಂಗಳೂರಿನಿಂದ ಮೈಸೂರು ಇರಲಿ, ಕಾರು ಎಕ್ಸ್‌ಪ್ರೆಸ್‌ವೇ ಹತ್ತಿದ ಕೂಡಲೇ ಈಗ ಅನೇಕರ ಹೆಬ್ಬೆರಳು ಸ್ಟೀರಿಂಗ್ ಮೇಲಿನ ಒಂದು ಬಟನ್ ಹುಡುಕುತ್ತದೆ. ಅದನ್ನು ಒತ್ತಿದರೆ ಸಾಕು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುತ್ತದೆ. ಅದೇ ಕ್ರೂಸ್ ಕಂಟ್ರೋಲ್. ಒಂದು ಕಾಲದಲ್ಲಿ ದುಬಾರಿ ಕಾರುಗಳಿಗಷ್ಟೇ ಇದ್ದ ಈ ಸೌಲಭ್ಯ ಇಂದು ಮಧ್ಯಮ ವರ್ಗದವರು ಕೊಳ್ಳುವ ಕಾರುಗಳಲ್ಲೂ ಇದೆ.

ಆದರೆ ಇದಕ್ಕೆ ಮೂಲವಾದ ಯಂತ್ರವನ್ನು ರೂಪಿಸಿದ ವ್ಯಕ್ತಿಗೆ ಸ್ಪೀಡೋಮೀಟರ್ ಮುಳ್ಳೂ ಕಾಣುತ್ತಿರಲಿಲ್ಲ, ಎದುರಿನ ರಸ್ತೆಯೂ ಕಾಣುತ್ತಿರಲಿಲ್ಲ. ಹೌದು, ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಬಾಲ್ಯದಲ್ಲೇ ಎರಡೂ ಕಣ್ಣು ಕಳೆದುಕೊಂಡವರು. ಕಾರಿನಲ್ಲಿ ಅವರು ಸದಾ ಪ್ರಯಾಣಿಕರೇ. ಬಹುಶಃ ಅದಕ್ಕೇ ಇರಬೇಕು, ಚಾಲಕರಿಗೆ ಗೊತ್ತಾಗದ ಒಂದು ತಪ್ಪು ಅವರಿಗೆ ಗೊತ್ತಾಯಿತು.

ಚಾಕು ಜಾರಿದ ಆ ದಿನ

ರಾಲ್ಫ್ ಹುಟ್ಟಿದ್ದು 1890ರ ಆಗಸ್ಟ್ 17ರಂದು. ಊರು ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಪುಟ್ಟ ಪಟ್ಟಣ. ಮನೆತನದ ಕಸುಬು ಯಂತ್ರಗಳದ್ದು. ರೈಲು ಹಳಿಗಳ ತಪಾಸಣೆಗೆ ಹೋಗುವ ಸಿಬ್ಬಂದಿ ತುಳಿದು ಓಡಿಸುವ ಸೈಕಲ್‌ನಂಥ ಗಾಡಿಗಳನ್ನು ಟೀಟರ್ ಕುಟುಂಬ ತಯಾರಿಸುತ್ತಿತ್ತು. ಹಾಗಾಗಿ ಹುಡುಗ ಬೆಳೆದಿದ್ದೇ ಲೇತ್ ಸದ್ದು, ಎಣ್ಣೆ ವಾಸನೆ, ಕಬ್ಬಿಣದ ಚೂರುಗಳ ನಡುವೆ.

ಐದು ವರ್ಷದವನಿದ್ದಾಗ ಚಾಕುವಿನ ಜೊತೆ ಆಡುತ್ತಿದ್ದ ರಾಲ್ಫ್‌ನ ಒಂದು ಕಣ್ಣಿಗೆ ಅದರ ಮೊನೆ ತಗುಲಿತು. ಆ ಕಣ್ಣು ಹೋಯಿತು. ಮನೆಯವರು ಇನ್ನೊಂದು ಕಣ್ಣಾದರೂ ಉಳಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ, ವರ್ಷದೊಳಗೆ ಅದೂ ಮಂಜಾಗಿ ದೃಷ್ಟಿ ಪೂರ್ತಿ ನಿಂತಿತು. ಒಂದು ಕಣ್ಣಿಗೆ ಆಳವಾದ ಗಾಯವಾದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಗಾಯವಿಲ್ಲದ ಇನ್ನೊಂದು ಕಣ್ಣಿನ ಮೇಲೆ ತಿರುಗಿಬೀಳುವ ಅಪರೂಪದ ತೊಂದರೆ ಅದು. ಇಂದು ಇದಕ್ಕೆ ಚಿಕಿತ್ಸೆ ಇದೆ. 1890ರ ದಶಕದಲ್ಲಿ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಇಲ್ಲಿ ತಂದೆ ತಾಯಿಯ ಧೈರ್ಯ ಮೆಚ್ಚಲೇಬೇಕು. ಮಗನನ್ನು ಅವರು ಮೂಲೆಯಲ್ಲಿ ಕೂರಿಸಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಕಣ್ಣಿರುವ ಹುಡುಗನಂತೆಯೇ ಬೆಳೆಸಿದರು. ಯಂತ್ರಗಳ ಹತ್ತಿರ ಹೋಗಬೇಡ ಎನ್ನುವ ಬದಲು ಉಪಕರಣಗಳನ್ನೇ ಕೈಗಿತ್ತರು. ಹನ್ನೆರಡನೇ ವಯಸ್ಸಿಗೆ, ಅಂದರೆ 1902ರಲ್ಲಿ, ರಾಲ್ಫ್ ತನ್ನ ಸೋದರ ಸಂಬಂಧಿಯ ಜೊತೆ ಸೇರಿ ಓಡುವ ಮೋಟಾರು ಗಾಡಿಯೊಂದನ್ನೇ ಕಟ್ಟಿಬಿಟ್ಟ. ಹೆನ್ರಿ ಫೋರ್ಡ್ ಅವರ ಮಾಡೆಲ್ ಟಿ ಕಾರು ಬರಲು ಆಗಿನ್ನೂ ಆರು ವರ್ಷ ಬಾಕಿ ಇತ್ತು!

ಬೆರಳಿಗೆ ಸಿಕ್ಕ ದೋಷ

ಎಂಜಿನಿಯರಿಂಗ್ ಓದುತ್ತೇನೆ ಎಂದಾಗ ಕಣ್ಣಿಲ್ಲದ ಹುಡುಗನನ್ನು ಸೇರಿಸಿಕೊಳ್ಳಲು ಕಾಲೇಜುಗಳು ಸಿದ್ಧವಿರಲಿಲ್ಲ. ನಕ್ಷೆ ಬಿಡಿಸುವುದು ಹೇಗೆ, ಪಠ್ಯ ಓದುವುದು ಹೇಗೆ ಎಂಬ ಪ್ರಶ್ನೆಗಳು. ಆಗ ನೆರವಿಗೆ ಬಂದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸಂಬಂಧಿ ನೀವಾ ಡಿಯರ್ಡಾರ್ಫ್. ಪ್ರವೇಶ ಸಿಗುವಂತೆ ಓಡಾಡಿದರು, ಪಠ್ಯಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ಕೇಳಿದ್ದನ್ನು ರಾಲ್ಫ್ ತಲೆಯೊಳಗೇ ಚಿತ್ರವಾಗಿಸಿಕೊಳ್ಳುತ್ತಿದ್ದರು. 1912ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಕೈಗೆ ಬಂತು. ಟೀಟರ್ ಸಾಧನೆಯ ಬರಹಗಳಲ್ಲಿ ನೀವಾ ಅವರಿಗೆ ಒಂದೇ ಸಾಲು ಸಿಗುತ್ತದೆ. ಅದು ಸಾಲದು ಅನ್ನಿಸುತ್ತದೆ.

ಮೊದಲ ಮಹಾಯುದ್ಧದ ಹೊತ್ತಿಗೆ ಟೀಟರ್ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿದ್ದ ಹಡಗು ಕಟ್ಟೆಗೆ ಸೇರಿದರು. ಅಲ್ಲಿ ನೌಕಾಪಡೆಯ ಡಿಸ್ಟ್ರಾಯರ್ ಹಡಗುಗಳಿಗೆ ಬೇಕಾದ ಸ್ಟೀಮ್ ಟರ್ಬೈನ್‌ಗಳ ಕೆಲಸ ನಡೆಯುತ್ತಿತ್ತು. ಟರ್ಬೈನ್ ಒಳಗೆ ತಿರುಗುವ ರೋಟರ್‌ನ ತೂಕ ಸುತ್ತಲೂ ಸಮನಾಗಿರಬೇಕು. ಒಂದು ಬದಿಗೆ ಸ್ವಲ್ಪ ಹೆಚ್ಚಾದರೂ ವೇಗವಾಗಿ ತಿರುಗುವಾಗ ಇಡೀ ಯಂತ್ರ ನಡುಗುತ್ತದೆ, ಬೇರಿಂಗ್ ಸವೆಯುತ್ತದೆ. ಕಾರಿನ ಚಕ್ರಕ್ಕೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸುತ್ತೇವಲ್ಲ, ಅದೇ ತತ್ವ. ವ್ಯತ್ಯಾಸವೆಂದರೆ ಇಲ್ಲಿ ತಿರುಗುತ್ತಿದ್ದುದು ಭಾರೀ ಉಕ್ಕು.

ಇತರರಿಗೆ ತಲೆನೋವಾಗಿದ್ದ ಈ ಕೆಲಸಕ್ಕೆ ಟೀಟರ್ ದಾರಿ ಕಂಡುಕೊಂಡರು. ಬೇರೆಯವರ ಕಣ್ಣು ತಪ್ಪಿಸಿಕೊಂಡಿದ್ದು ಅವರ ಬೆರಳಿಗೆ ಸಿಕ್ಕಿತು. ನಡುಕ ಎಲ್ಲಿಂದ ಹುಟ್ಟುತ್ತಿದೆ, ಎಷ್ಟು ಎಂಬುದನ್ನು ಸ್ಪರ್ಶದಿಂದ ಗ್ರಹಿಸುವ ಅವರ ಶಕ್ತಿ ಅಸಾಧಾರಣವಾಗಿತ್ತು.

ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಕುಟುಂಬದ ಕಂಪನಿ ಸೇರಿದರು. ಮುಂದೆ ಪರ್ಫೆಕ್ಟ್ ಸರ್ಕಲ್ ಎಂದು ಹೆಸರಾದ ಆ ಕಂಪನಿ ಪಿಸ್ಟನ್ ರಿಂಗ್‌ಗಳಿಗೆ ಪ್ರಸಿದ್ಧ. ಹಳೆಯ ಗಾಡಿ ನೀಲಿ ಹೊಗೆ ಬಿಟ್ಟರೆ ನಮ್ಮ ಗ್ಯಾರೇಜಿನವರು ರಿಂಗ್ ಹೋಗಿದೆ ಸಾರ್ ಅನ್ನುತ್ತಾರಲ್ಲ, ಅದೇ ರಿಂಗ್. 1936ರಲ್ಲಿ ಅಮೆರಿಕದ ವಾಹನ ಎಂಜಿನಿಯರ್‌ಗಳ ಸಂಘಕ್ಕೆ ಟೀಟರ್ ಅಧ್ಯಕ್ಷರಾದರು. ನಂತರ ಕಂಪನಿಯ ಅಧ್ಯಕ್ಷರೂ ಆದರು.

ಮಾತಾಡುತ್ತಾ ನಿಧಾನ, ಕೇಳುತ್ತಾ ಜೋರು

ಈಗ ಮುಖ್ಯ ವಿಷಯಕ್ಕೆ ಬರೋಣ. ಟೀಟರ್ ಅವರ ಪೇಟೆಂಟ್ ವ್ಯವಹಾರ ನೋಡುತ್ತಿದ್ದವರು ಹ್ಯಾರಿ ಲಿಂಡ್ಸೆ ಎಂಬ ವಕೀಲರು. ಅವರ ಕಾರಿನಲ್ಲಿ ಹೋಗುವಾಗಲೆಲ್ಲ ಟೀಟರ್‌ಗೆ ಕಿರಿಕಿರಿ. ವಕೀಲರು ತಾವು ಮಾತಾಡುವಾಗ ಕಾರಿನ ವೇಗ ಇಳಿಸುತ್ತಿದ್ದರು. ಟೀಟರ್ ಮಾತಾಡುವಾಗ, ಅಂದರೆ ತಾವು ಕೇಳುತ್ತಾ ಕೂತಾಗ, ವೇಗ ಏರಿಸುತ್ತಿದ್ದರು. ಕಾರು ಮುಂದಕ್ಕೆ ಹಿಂದಕ್ಕೆ ಜಗ್ಗಿದಂತೆ. ವಕೀಲರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕಣ್ಣಿದ್ದ ಪ್ರಯಾಣಿಕನಾಗಿದ್ದರೆ ಕಿಟಕಿ ಆಚೆ ನೋಡುತ್ತಾ ಇದನ್ನು ಮರೆತುಬಿಡುತ್ತಿದ್ದನೇನೋ. ಟೀಟರ್‌ಗೆ ರಸ್ತೆ ಅಂದರೆ ಮೈಗೆ ತಾಗುವ ಎಳೆತ, ಕಿವಿಗೆ ಬೀಳುವ ಎಂಜಿನ್ ಸದ್ದು ಅಷ್ಟೇ. ಅವರು ತಪ್ಪು ಹುಡುಕಿದ್ದು ಎಂಜಿನ್‌ನಲ್ಲಲ್ಲ, ಚಾಲಕನ ಬಲಗಾಲಿನಲ್ಲಿ. ತಲೆ ಬೇರೆ ಕಡೆ ಹೋದಾಗ ಕಾಲು ತನ್ನಿಷ್ಟದಂತೆ ನಡೆದುಕೊಳ್ಳುತ್ತದೆ. ಮೊಬೈಲ್‌ನಲ್ಲಿ ಮಾತಾಡುತ್ತಾ ಕಾರು ಓಡಿಸುವವರ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ಮಹಾಯುದ್ಧದ ಕಾಲವೂ ಇದಕ್ಕೆ ಕೂಡಿಬಂತು. ಪೆಟ್ರೋಲ್ ಮತ್ತು ಟೈರಿನ ರಬ್ಬರ್ ಉಳಿಸಲು ಅಮೆರಿಕ ಸರ್ಕಾರ 1942ರಲ್ಲಿ ದೇಶಾದ್ಯಂತ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ವೇಗದ ಮಿತಿ ಹೇರಿತು. ಒಂದೇ ವೇಗದಲ್ಲಿ ಓಡಿಸುವುದು ಎಷ್ಟು ಕಷ್ಟ ಎಂದು ಜನರಿಗೆ ಆಗ ಅರಿವಾಯಿತು.

ಪೆಡಲ್ಲೇ ಕಾಲನ್ನು ತಳ್ಳಿದರೆ?

ಟೀಟರ್ ವರ್ಷಗಟ್ಟಲೆ ತಲೆಕೆಡಿಸಿಕೊಂಡು ರೂಪಿಸಿದ ಯಂತ್ರ ಕೆಲಸ ಮಾಡುತ್ತಿದ್ದ ರೀತಿ ಸೊಗಸಾಗಿದೆ. ಡ್ಯಾಶ್‌ಬೋರ್ಡ್ ಮೇಲೆ ಚಾಲಕ ತನಗೆ ಬೇಕಾದ ವೇಗ ಆರಿಸಿಕೊಳ್ಳುತ್ತಾನೆ. ಅದಕ್ಕೆ ತಕ್ಕಂತೆ ಒಳಗೊಂದು ಸ್ಪ್ರಿಂಗ್ ಬಿಗಿಯಾಗುತ್ತದೆ. ಕಾರಿನ ಚಕ್ರಗಳಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನಿಂದ ತಿರುಗುವ ಗವರ್ನರ್ ಒಂದಿರುತ್ತದೆ. ಕಾರು ವೇಗವಾದಂತೆ ಅದರ ಬಲ ಹೆಚ್ಚುತ್ತದೆ. ಆರಿಸಿದ ವೇಗ ತಲುಪುತ್ತಿದ್ದಂತೆ ಆ ಬಲ ಸ್ಪ್ರಿಂಗ್‌ನ ಬಿಗಿತವನ್ನು ಮೀರುತ್ತದೆ. ಆಗ ಎಂಜಿನ್‌ನ ನಿರ್ವಾತದಿಂದ ಚಲಿಸುವ ಪಿಸ್ಟನ್ ಒಂದು ಆಕ್ಸಿಲರೇಟರ್ ಪೆಡಲ್ಲನ್ನು ಚಾಲಕನ ಕಾಲಿನ ವಿರುದ್ಧ ಮೇಲಕ್ಕೆ ತಳ್ಳುತ್ತದೆ.

ಗಮನಿಸಿ, ಕಾಲು ಇನ್ನೂ ಪೆಡಲ್ ಮೇಲೇ ಇದೆ. ಕಣ್ಣು ರಸ್ತೆಯ ಮೇಲೇ ಇರುತ್ತದೆ. ಸ್ಪೀಡೋಮೀಟರ್ ನೋಡದೆಯೇ, ಸಾಕಪ್ಪಾ ಇಷ್ಟು ವೇಗ ಎಂಬ ಸುದ್ದಿ ಪಾದಕ್ಕೆ ತಲುಪುತ್ತದೆ. ಓವರ್‌ಟೇಕ್ ಮಾಡಬೇಕಿದ್ದರೆ ಚಾಲಕ ಇನ್ನಷ್ಟು ಒತ್ತಿ ಮುಂದೆ ಹೋಗಬಹುದು. ಕಣ್ಣಿಗಲ್ಲ, ಸ್ಪರ್ಶಕ್ಕೆ ಸುದ್ದಿ ಮುಟ್ಟಿಸುವ ಇಂಥ ಯಂತ್ರ ಟೀಟರ್ ಅವರಿಗಲ್ಲದೆ ಇನ್ಯಾರಿಗೆ ಹೊಳೆದೀತು!

1950ರ ಆಗಸ್ಟ್ 22ರಂದು ಪೇಟೆಂಟ್ ಸಿಕ್ಕಿತು. ಕಂಟ್ರೋಲ್‌ಮ್ಯಾಟಿಕ್, ಟಚೋಮ್ಯಾಟಿಕ್, ಪ್ರೆಸ್ಸೋಮ್ಯಾಟಿಕ್ ಎಂದೆಲ್ಲ ಹೆಸರಿಟ್ಟು ನೋಡಿ ಕೊನೆಗೆ ಸ್ಪೀಡೋಸ್ಟಾಟ್ ಎಂಬ ಹೆಸರು ನಿಂತಿತು.

ಆದರೆ ಕೊಳ್ಳುವವರಿಗೆ ಬೇಕಾಗಿದ್ದೇ ಬೇರೆ. ಕಾಲು ಪೂರ್ತಿ ತೆಗೆದುಬಿಡಬೇಕು, ಕಾರು ತಾನೇ ಓಡಬೇಕು. ವೇಗವನ್ನು ಹಾಗೆ ಬಿಗಿದಿಡುವ ವ್ಯವಸ್ಥೆಗೆ ಟೀಟರ್ ಮೊದಲು ಮನಸ್ಸು ಮಾಡಿರಲಿಲ್ಲ. ನಂತರ ವಿದ್ಯುತ್ ಅಯಸ್ಕಾಂತದಿಂದ ಹಿಡಿದಿಡುವ ವ್ಯವಸ್ಥೆ ಸೇರಿತು, ಜೊತೆಗೆ ಬ್ರೇಕ್ ಮುಟ್ಟಿದ ತಕ್ಷಣ ಹಿಡಿತ ಬಿಡುವ ಏರ್ಪಾಡೂ ಬಂತು. ಇಂದಿಗೂ ಬ್ರೇಕ್ ತುಳಿದರೆ ಕ್ರೂಸ್ ಕಂಟ್ರೋಲ್ ಬಿಟ್ಟುಕೊಡುತ್ತದೆ.

1958ರಲ್ಲಿ ಕ್ರೈಸ್ಲರ್ ಕಂಪನಿ ಇಂಪೀರಿಯಲ್, ನ್ಯೂಯಾರ್ಕರ್, ವಿಂಡ್ಸರ್ ಕಾರುಗಳಲ್ಲಿ ಇದನ್ನು ಕೊಟ್ಟಿತು. ಇಟ್ಟ ಹೆಸರು ಆಟೋ ಪೈಲಟ್! ಕಾರು ತಾನಾಗಿಯೇ ಓಡುತ್ತದೆ ಎಂಬ ಭ್ರಮೆ ಹುಟ್ಟಿಸುವ ಹೆಸರು. ಕ್ಯಾಡಿಲಾಕ್ ಕ್ರೂಸ್ ಕಂಟ್ರೋಲ್ ಎಂದು ಕರೆದದ್ದು ಸದ್ಯ ಗಟ್ಟಿಯಾಗಿ ಉಳಿಯಿತು. 1973ರ ತೈಲ ಬಿಕ್ಕಟ್ಟು ಬಂದು, ಮರುವರ್ಷ ಗಂಟೆಗೆ 55 ಮೈಲಿಯ ಮಿತಿ ಜಾರಿಯಾದಾಗ ಇಂಧನ ಉಳಿಸುವ ಸಾಧನವಾಗಿ ಇದಕ್ಕೆ ಬೇಡಿಕೆ ಕುದುರಿತು.

ಭಾವನ ಕಾರು, ಕಬ್ಬಿನ ಟ್ರ್ಯಾಕ್ಟರ್

ಟೀಟರ್ ಅವರ ಮೊದಲ ಯಂತ್ರ ಮತ್ತು ನಮ್ಮ ಕಾರಿನ ಬಟನ್ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ಪುಣೆಯಿಂದ ಹುಬ್ಬಳ್ಳಿಗೆ ಹೋಗುವಾಗ. ಭಾವನ ಹೊಸ ಕಾರು. ಸಾತಾರಾ ದಾಟಿದ ಮೇಲೆ ಅವರು ಸೆಟ್ ಬಟನ್ ಒತ್ತಿ, ಎರಡೂ ಕಾಲು ಸೀಟಿನ ಕಡೆಗೆ ಎಳೆದುಕೊಂಡು ಆರಾಮಾಗಿ ಕೂತರು. ಸ್ವಲ್ಪ ಹೊತ್ತಿಗೆ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್. ಹಿಂದೆ ಒಂದು ದೀಪವೂ ಇಲ್ಲ. ಭಾವನ ಕಾಲು ಬ್ರೇಕ್ ಹುಡುಕಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅಕ್ಕ ಕೂಗಿಕೊಂಡಿದ್ದಳು.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಸಾಮಾನ್ಯ ಕ್ರೂಸ್ ಕಂಟ್ರೋಲ್‌ಗೆ ಮುಂದಿನ ವಾಹನ ಕಾಣುವುದೇ ಇಲ್ಲ. ರಡಾರ್ ಅಥವಾ ಕ್ಯಾಮೆರಾ ಇರುವ ಅಡಾಪ್ಟಿವ್ ಮಾದರಿಯಷ್ಟೇ ಅಂತರ ನೋಡಿಕೊಂಡು ವೇಗ ಇಳಿಸುತ್ತದೆ, ಅದಕ್ಕೂ ಮಿತಿಗಳಿವೆ. ಹಾಗಾಗಿ ಬಲಗಾಲು ಬ್ರೇಕ್ ಹತ್ತಿರವೇ ಇರಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಟ್ರ್ಯಾಕ್ಟರ್ ದಾಟಿದ ಮೇಲೆ ಭಾವ ರೆಸ್ಯೂಮ್ ಬಟನ್ ಒತ್ತಿದರು, ಕಾರು ಮುಂದಕ್ಕೆ ನುಗ್ಗಿತು. ಬಿಟ್ಟುಕೊಟ್ಟ ಮೇಲೂ ಹಳೆಯ ವೇಗ ಅದರ ನೆನಪಿನಲ್ಲಿರುತ್ತದೆ. ಮುಂದೆ ಊರು ಬಂದಿರಬಹುದು, ಘಾಟಿಯ ತಿರುವು ಬಂದಿರಬಹುದು, ಅದಕ್ಕೇನು ಗೊತ್ತು? ಎಚ್ಚರದ ದಾರಿಯೆಂದರೆ, ಬೇಕಾದ ವೇಗಕ್ಕೆ ಕಾಲಿನಿಂದಲೇ ಬಂದು ಮತ್ತೆ ಸೆಟ್ ಒತ್ತುವುದು.

ಮಳೆಯಲ್ಲಂತೂ ಕ್ರೂಸ್ ಕಂಟ್ರೋಲ್ ಬೇಡವೇ ಬೇಡ. ರಸ್ತೆಯ ನೀರಿನ ಮೇಲೆ ಟೈರ್ ಹಿಡಿತ ತಪ್ಪಿದಾಗ ಆಕ್ಸಿಲರೇಟರ್‌ನಿಂದ ನಿಧಾನಕ್ಕೆ ಕಾಲೆತ್ತಬೇಕು. ಯಂತ್ರಕ್ಕೆ ಗೊತ್ತಿರುವುದು ವೇಗ ಕಾಯ್ದುಕೊಳ್ಳುವುದೊಂದೇ. ಘಾಟಿ, ಟ್ರಾಫಿಕ್, ನಿದ್ದೆಗಣ್ಣು, ಈ ಮೂರಕ್ಕೂ ಇದೇ ಮಾತು.

ಇನ್ನು ಸ್ಟೀರಿಂಗ್ ಸುತ್ತಲಿನ ಬಟನ್ ಮತ್ತು ಸನ್ನೆಗೋಲುಗಳ ವಿಷಯ. ಹೊಸ ಕಾರು ಕೈಗೆ ಬಂದಾಗ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಓಡಿಸದವರು ಯಾರಿದ್ದಾರೆ? ಕಂಪನಿಯಿಂದ ಕಂಪನಿಗೆ ಜಾಗ ಬದಲಾಗುತ್ತದೆ. ಓಡುವಾಗ ತಲೆ ಬಗ್ಗಿಸಿ ಬಟನ್ ಹುಡುಕುವ ಬದಲು, ಮನೆ ಮುಂದೆ ಕಾರು ನಿಂತಿರುವಾಗಲೇ ಸೆಟ್ ಎಲ್ಲಿ, ಕ್ಯಾನ್ಸಲ್ ಎಲ್ಲಿ, ಪ್ಲಸ್ ಮೈನಸ್ ಎಲ್ಲಿ ಎಂದು ಕಣ್ಣು ಮುಚ್ಚಿ ತಡವಿ ನೋಡಿಕೊಳ್ಳಬಹುದು. ಭಾವ ಈಗ ಅದನ್ನೇ ಮಾಡಿದ್ದಾರೆ, ಅಕ್ಕ ಪಕ್ಕದಲ್ಲಿ ಕೂತು ಪರೀಕ್ಷೆ ತೆಗೆದುಕೊಂಡಿದ್ದಾಳೆ.

ಟೀಟರ್ 1982ರ ಫೆಬ್ರವರಿ 15ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. 1988ರಲ್ಲಿ ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಅವರ ಜೀವನ ಚರಿತ್ರೆಯನ್ನು ಬರೆದವರು ಮಗಳು ಮಾರ್ಜರಿ. ಮಗಳ ಮುಖವನ್ನು ಟೀಟರ್ ಒಮ್ಮೆಯೂ ನೋಡಿರಲಿಲ್ಲ.