ಜಪಾನಿನ ಮೊದಲ ನ್ಯಾಯ ಸಚಿವ ಎತೋ ಶಿಂಪೇ

ಜಪಾನಿನ ಕ್ಯೂಶು ದ್ವೀಪದ ಸಾಗಾ ನಗರದಲ್ಲಿ 1874ರ ಏಪ್ರಿಲ್ 13ರಂದು ನಲವತ್ತು ವರ್ಷದ ಕೈದಿಯೊಬ್ಬನ ಶಿರಚ್ಛೇದವಾಯಿತು. ಕತ್ತರಿಸಿದ ತಲೆಯನ್ನು ಜನರ ಕಣ್ಣಿಗೆ ಬೀಳುವಂತೆ ಇರಿಸಲಾಯಿತು. ಆ ಕೈದಿ ಎತೋ ಶಿಂಪೇ. ಸರಿಯಾಗಿ ಒಂದು ವರ್ಷದ ಹಿಂದಿನವರೆಗೂ ಆತ ದೇಶದ ನ್ಯಾಯ ಸಚಿವನಾಗಿದ್ದ. ಆತನನ್ನು ವಿಚಾರಣೆಗೆ ಗುರಿಪಡಿಸಿದ ನ್ಯಾಯಾಧೀಶ ಆತನ ಕೈಕೆಳಗೇ ಕೆಲಸ ಮಾಡಿದ್ದವನು.

ಎತೋ ಹುಟ್ಟಿದ್ದು 1834ರಲ್ಲಿ, ಸಾಗಾ ಸಂಸ್ಥಾನದ ಕೆಳದರ್ಜೆಯ ಬಡ ಸಮುರಾಯ್ ಕುಟುಂಬವೊಂದರಲ್ಲಿ. ಸಂಸ್ಥಾನದ ಶಾಲೆಯಲ್ಲಿ ಓದಿ, ಹೊರದೇಶಗಳೊಡನೆ ಸಂಪರ್ಕ ಬೆಳೆಸಬೇಕೆಂಬ ಪ್ರಬಂಧವನ್ನು ಇಪ್ಪತ್ತೆರಡರ ಆಸುಪಾಸಿನಲ್ಲೇ ಬರೆದವನು. 1862ರಲ್ಲಿ ಅನುಮತಿಯಿಲ್ಲದೆ ಸಂಸ್ಥಾನ ತೊರೆದು ಕ್ಯೋಟೋಗೆ ಹೋದ. ಅಂದಿನ ಕಟ್ಟಳೆಯಂತೆ ಈ ತಪ್ಪಿಗೆ ಮರಣದಂಡನೆ ವಿಧಿಸಬಹುದಿತ್ತು. ಪ್ರಭು ನಬೆಶಿಮಾ ನವೊಮಾಸಾ ಅದನ್ನು ಆಜೀವ ಗೃಹಬಂಧನಕ್ಕೆ ಇಳಿಸಿದ. ಶೋಗನ್ ಆಳ್ವಿಕೆ ಕುಸಿಯುವ ಹೊತ್ತಿಗೆ ಬಿಡುಗಡೆ ದೊರೆಯಿತು. 1868ರಲ್ಲಿ ಎದೋ ನಗರವನ್ನು ಪೂರ್ವದ ರಾಜಧಾನಿಯಾಗಿಸಬೇಕೆಂದು ಹೊಸ ಸರ್ಕಾರಕ್ಕೆ ಒತ್ತಾಯಿಸಿದವರಲ್ಲಿ ಎತೋ ಮತ್ತು ಆತನ ಊರಿನವನೇ ಆದ ಓಕಿ ತಕಾತೋ ಮುಖ್ಯರು. ಆ ವರ್ಷವೇ ಎದೋ, ಟೋಕಿಯೋ ಆಯಿತು.

ನ್ಯಾಯ ಸಚಿವಾಲಯ 1871ರಲ್ಲಿ ಸ್ಥಾಪನೆಯಾಯಿತಾದರೂ, 1872ರಲ್ಲಿ ಎತೋ ಸಚಿವನಾಗಿ ಬರುವವರೆಗೆ ಅದಕ್ಕೆ ಹೆಸರಿಗೆ ತಕ್ಕ ಕೆಲಸವಿರಲಿಲ್ಲ. ಪ್ರಾಂತ್ಯಗಳಲ್ಲಿ ತೆರಿಗೆ ಎತ್ತುವ ಅಧಿಕಾರಿಯೇ ವ್ಯಾಜ್ಯವನ್ನೂ ತೀರ್ಮಾನಿಸುತ್ತಿದ್ದ, ಶಿಕ್ಷೆಯನ್ನೂ ವಿಧಿಸುತ್ತಿದ್ದ. ಆ ಅಧಿಕಾರಿಗಳ ಮೇಲಿನ ಹಿಡಿತ ಹಣಕಾಸು ಸಚಿವಾಲಯದ್ದು. ಹೀಗಾಗಿ ಪ್ರತ್ಯೇಕ ನ್ಯಾಯಾಲಯ ತೆರೆಯುವುದೆಂದರೆ ಇನ್ನೊಂದು ಸಚಿವಾಲಯದ ಕೈಯಿಂದ ಅಧಿಕಾರವನ್ನು ಕಿತ್ತುಕೊಳ್ಳುವುದೇ ಆಗಿತ್ತು. ಎತೋ ಅದನ್ನೇ ಮಾಡಿದ.

1872ರಲ್ಲಿ ಹೊರಬಿದ್ದ ಸಚಿವಾಲಯದ ಕಾರ್ಯ ನಿಯಮಾವಳಿಯಲ್ಲಿ 108 ವಿಧಿಗಳಿದ್ದವು. ಸಚಿವಾಲಯದ ನ್ಯಾಯಾಲಯದಿಂದ ಹಿಡಿದು ಪ್ರಾಂತ್ಯ ಮತ್ತು ವಾರ್ಡು ನ್ಯಾಯಾಲಯಗಳವರೆಗೆ ಯಾರ ಅಧಿಕಾರ ಎಲ್ಲಿಗೆ ನಿಲ್ಲುತ್ತದೆಂಬುದನ್ನು ಅದು ಗೊತ್ತುಪಡಿಸಿತು. ನ್ಯಾಯಾಧೀಶ ಮತ್ತು ಅಭಿಯೋಜಕರ ಕರ್ತವ್ಯಗಳನ್ನು ಬೇರ್ಪಡಿಸಿತು. ವಕೀಲ, ನೋಟರಿ ಹಾಗೂ ಪತ್ರಬರಹಗಾರ ಎಂಬ ಮೂರು ವೃತ್ತಿಗಳಿಗೆ ಜಪಾನಿನಲ್ಲಿ ಮೊದಲ ಬಾರಿಗೆ ಕಾನೂನಿನ ನೆಲೆ ಸಿಕ್ಕಿದ್ದೂ ಇದರಿಂದಲೇ. ಅದರಲ್ಲಿದ್ದ ಒಂದು ವಿಧಿಯನ್ನು ಓದುಗರು ನೆನಪಿನಲ್ಲಿಡುವುದು ಒಳಿತು. ಪ್ರಾಂತ್ಯ ನ್ಯಾಯಾಲಯ ತನ್ನಷ್ಟಕ್ಕೇ ಮರಣದಂಡನೆ ವಿಧಿಸುವಂತಿರಲಿಲ್ಲ. ಅಂಥ ಪ್ರಕರಣವನ್ನು ಸಚಿವಾಲಯಕ್ಕೆ ಕಳುಹಿಸಿ ಅಲ್ಲಿನ ಆದೇಶ ಪಡೆಯಬೇಕಿತ್ತು.

ಅಸಮಾನ ಒಪ್ಪಂದಗಳ ಹೊರೆ ಕಳಚಬೇಕಾದರೆ ಪಾಶ್ಚಾತ್ಯರು ಒಪ್ಪುವಂಥ ಕಾನೂನು ಸಂಹಿತೆ ಬೇಕೆಂಬ ಅವಸರ ಅಂದಿನ ಸರ್ಕಾರಕ್ಕಿತ್ತು. ಎತೋನ ಅವಸರ ಅದಕ್ಕೂ ಮಿಗಿಲು. ಫ್ರೆಂಚ್ ಸಂಹಿತೆಗಳ ಅನುವಾದಕ್ಕೆ ಮಿತ್ಸುಕುರಿ ರಿನ್ಶೋ ಎಂಬ ವಿದ್ವಾಂಸನನ್ನು ಹಚ್ಚಿ, ತಪ್ಪಾದರೂ ಚಿಂತೆಯಿಲ್ಲ, ಬೇಗ ಮುಗಿಸು ಎಂದು ಬೆನ್ನುಹತ್ತಿದ್ದನಂತೆ. ಹಕ್ಕು ಎಂಬ ಕಲ್ಪನೆಗೇ ಇನ್ನೂ ಪದ ಹುಡುಕುತ್ತಿದ್ದ ಭಾಷೆಯಲ್ಲಿ ಅದು ಸುಲಭದ ಕೆಲಸವಾಗಿರಲಿಲ್ಲ.

ಅದೇ ವರ್ಷ ಚೀನೀ ಕೂಲಿಗಳನ್ನು ಹೊತ್ತ ಮರಿಯಾ ಲೂಜ್ ಎಂಬ ಪೆರು ದೇಶದ ಹಡಗು ಯೊಕೊಹಾಮಾ ಬಂದರಿಗೆ ಬಂತು. ಕೂಲಿಗಳನ್ನು ಬಿಡುಗಡೆ ಮಾಡಿದ ವಿಚಾರಣೆಯಲ್ಲಿ, ಜಪಾನಿನ ವೇಶ್ಯಾಗೃಹಗಳ ಹೆಣ್ಣುಮಕ್ಕಳೂ ಮಾರಾಟವಾದವರೇ ಅಲ್ಲವೇ ಎಂಬ ಪ್ರಶ್ನೆ ಎದ್ದಿತು. ಸರ್ಕಾರ ಆ ಹೆಣ್ಣುಮಕ್ಕಳ ವಿಮೋಚನೆಯ ಆಜ್ಞೆ ಹೊರಡಿಸಿತು. ಸಾಲದ ಪತ್ರಗಳ ಗತಿಯೇನು? ಎತೋನ ಸಚಿವಾಲಯ ಅದಕ್ಕೆ ವಿಚಿತ್ರವಾದೊಂದು ತರ್ಕ ಹೂಡಿತು. ಮನುಷ್ಯರ ಹಕ್ಕು ಕಳೆದುಕೊಂಡ ಅವರ ಸ್ಥಿತಿ ದನ, ಕುದುರೆಗಳಂತಿದೆ, ದನ ಕುದುರೆಗಳಿಂದ ಯಾರೂ ಸಾಲ ವಸೂಲು ಮಾಡಲಾಗದು, ಆದ್ದರಿಂದ ಸಾಲ ರದ್ದು ಎಂದಿತು. ಭಾಷೆ ಇಂದು ಕಿವಿಗೆ ಕಟುವಾಗಿ ಕೇಳಿಸುತ್ತದೆ, ಫಲ ಮಾತ್ರ ಸಾಲಗಾರ್ತಿಯರ ಪರವಾಗಿತ್ತು. ಆದರೆ ಮರುವರ್ಷವೇ ವೇಶ್ಯಾಗೃಹಗಳು ಬಾಡಿಗೆ ಕೋಣೆಗಳೆಂಬ ಹೊಸ ಹೆಸರಿನಲ್ಲಿ ಪರವಾನಗಿ ಪಡೆದವು.

ಎತೋನ ಅತ್ಯಂತ ದಿಟ್ಟ ಹೆಜ್ಜೆಯೆಂದರೆ 1872ರ ಕೊನೆಯ ಭಾಗದ ಸಚಿವಾಲಯದ 46ನೇ ಆದೇಶ. ಸ್ಥಳೀಯ ಅಧಿಕಾರಿಗಳು ಅನ್ಯಾಯ ಮಾಡಿದರೆ ಸಾಮಾನ್ಯ ಪ್ರಜೆ ಅವರ ವಿರುದ್ಧ ನ್ಯಾಯಾಲಯಕ್ಕೆ ಹೋಗಬಹುದೆಂದು ಅದು ಸಾರಿತು. ಕ್ಯೋಟೋದ ಓನೋ ವ್ಯಾಪಾರಿ ಮನೆತನ ತನ್ನ ವಾಸ್ತವ್ಯವನ್ನು ಬೇರೆಡೆಗೆ ವರ್ಗಾಯಿಸಲು ಅಡ್ಡಿಪಡಿಸಿದ ಪ್ರಾಂತ್ಯಾಡಳಿತದ ವಿರುದ್ಧ ದಾವೆ ಹೂಡಿ ಗೆದ್ದಿತು. ತೀರ್ಪಿಗೆ ಸೊಪ್ಪು ಹಾಕದ ಹಿರಿಯ ಅಧಿಕಾರಿ ಮಕಿಮುರಾ ಮಸನಾವೋನ ಬಂಧನವೂ ಆಯಿತು. ಸೇನಾ ಸಚಿವಾಲಯದಿಂದ ಸುಮಾರು 6.5 ಲಕ್ಷ ಯೆನ್ ಪಡೆದು ಮುಳುಗಿಸಿದ್ದ ಗುತ್ತಿಗೆದಾರ ಯಮಶಿರೋಯಾ, ತನಿಖೆ ಹತ್ತಿರವಾದಾಗ ಆ ಸಚಿವಾಲಯದ ಕಟ್ಟಡದಲ್ಲೇ ಆತ್ಮಹತ್ಯೆ ಮಾಡಿಕೊಂಡ. ಆತನ ಪೋಷಕನಾಗಿದ್ದ ಯಮಗಾತಾ ಅರಿತೊಮೊ ಹುದ್ದೆ ಬಿಡಬೇಕಾಯಿತು, ಕೆಲವೇ ತಿಂಗಳಲ್ಲಿ ಸೇನಾ ಸಚಿವನಾಗಿ ಮರಳಿದ. ಓಸರಿಜಾವಾ ತಾಮ್ರದ ಗಣಿಯನ್ನು ವ್ಯಾಪಾರಿಯೊಬ್ಬನಿಂದ ಕಸಿದು ತನ್ನವರಿಗೆ ಕೊಟ್ಟ ಆರೋಪ ಹಣಕಾಸು ಸಚಿವಾಲಯವನ್ನು ನಡೆಸುತ್ತಿದ್ದ ಇನೋವೆ ಕವೊರುವಿನ ಮೇಲಿತ್ತು. ನ್ಯಾಯ ಸಚಿವಾಲಯ ಕೇಳಿದ ಅನುದಾನವನ್ನು ಅರ್ಧಕ್ಕೂ ಕಡಿಮೆಗೆ ಕತ್ತರಿಸಿದ್ದವನೂ ಇದೇ ಇನೋವೆ. ಆ ಕಡಿತವನ್ನು ಪ್ರತಿಭಟಿಸಿ 1873ರ ಜನವರಿಯಲ್ಲಿ ಎತೋ ರಾಜೀನಾಮೆ ಬರೆದಿದ್ದ, ಅದು ಅಂಗೀಕಾರವಾಗಲಿಲ್ಲ.

ಹೀಗೆ ಸಿಕ್ಕಿಬಿದ್ದವರು ಬಹುಪಾಲು ಚೋಶು ಸಂಸ್ಥಾನದ ಮೂಲದವರು ಎಂಬುದು ಗಮನಾರ್ಹ. ಎತೋ ಕಾನೂನಿನ ಕತ್ತಿಯನ್ನು ಪ್ರತಿಸ್ಪರ್ಧಿಗಳ ಮೇಲೆ ಬೀಸಿದನೆನ್ನುವ ಇತಿಹಾಸಕಾರರಿದ್ದಾರೆ. ಇರಬಹುದು. ಆದರೆ ನುಂಗಿದ ಹಣ ಸುಳ್ಳಾಗಿರಲಿಲ್ಲ, ಗಣಿ ಕಳೆದುಕೊಂಡ ವ್ಯಾಪಾರಿಯೂ ಸುಳ್ಳಾಗಿರಲಿಲ್ಲ.

1873ರ ಏಪ್ರಿಲ್‌ನಲ್ಲಿ ಎತೋ ರಾಜ್ಯ ಮಂತ್ರಾಲೋಚಕನಾಗಿ ಬಡ್ತಿ ಪಡೆದ. ಅಕ್ಟೋಬರಿನಲ್ಲಿ ಕೊರಿಯಾ ವಿವಾದ ಭುಗಿಲೆದ್ದಾಗ ಸೈಗೋ ತಕಮೋರಿಯ ಪಕ್ಷ ಹಿಡಿದು, ವಿದೇಶ ಪ್ರವಾಸದಿಂದ ಮರಳಿದ್ದ ಓಕುಬೋ ತೊಶಿಮಿಚಿಯ ಬಣದೆದುರು ಸೋತು ಸರ್ಕಾರ ತೊರೆದ. ಮಕಿಮುರಾನ ಬಿಡುಗಡೆಯಾಯಿತು. 1874ರ ಜನವರಿಯಲ್ಲಿ ಚುನಾಯಿತ ಶಾಸನಸಭೆ ಬೇಕೆಂಬ ಮನವಿಗೆ ಇತಗಾಕಿ ತೈಸುಕೆ ಮೊದಲಾದವರೊಂದಿಗೆ ಎತೋ ಸಹಿ ಹಾಕಿದ. ಅದು ಸರ್ಕಾರಕ್ಕೆ ತಲುಪುವ ಮುನ್ನವೇ, ಇತಗಾಕಿಯ ಮಾತನ್ನೂ ಕೇಳದೆ, ಅಸಮಾಧಾನದಿಂದ ಕುದಿಯುತ್ತಿದ್ದ ಸಾಗಾದತ್ತ ಹೊರಟ. ಸಮಾಧಾನಪಡಿಸಲು ಹೋದವನು ದಂಗೆಯ ನಾಯಕನಾದ. ಕಾನೂನು ಕಟ್ಟಿದವನು ಆಯುಧ ಹಿಡಿದ ಈ ತಿರುವಿಗೆ ಸಮರ್ಥನೆ ಕಾಣುವುದಿಲ್ಲ. ಫೆಬ್ರವರಿಯ ನಡುವೆ ಆರಂಭವಾದ ಕಾಳಗ ಮಾರ್ಚ್ ಮೊದಲ ದಿನಕ್ಕೆ ಮುಗಿದುಹೋಯಿತು. ಕಗೊಶಿಮಾದಲ್ಲಿ ಸೈಗೋ ನೆರವು ಕೊಡಲಿಲ್ಲ. ಶಿಕೊಕು ದ್ವೀಪಕ್ಕೆ ತಪ್ಪಿಸಿಕೊಂಡ ಎತೋ ಮಾರ್ಚ್ 29ರಂದು ಸೆರೆಸಿಕ್ಕ. ಅಪರಾಧಿಗಳ ಛಾಯಾಚಿತ್ರ ಬಳಸುವ ಪದ್ಧತಿ ಆತನ ಸಚಿವಾಲಯದ ಕಾಲದ್ದೇ. ಆತನ ಚಿತ್ರವನ್ನು ಹಂಚಿಯೇ ಆತನನ್ನು ಹಿಡಿದರೆಂದು ಹೇಳಲಾಗುತ್ತದೆ.

ಸಾಗಾದಲ್ಲಿ ಓಕುಬೋಗೆ ಮರಣದಂಡನೆಯನ್ನೂ ಸ್ಥಳದಲ್ಲೇ ತೀರ್ಮಾನಿಸುವ ವಿಶೇಷಾಧಿಕಾರವಿತ್ತು. 108 ವಿಧಿಗಳ ನಿಯಮಾವಳಿಯಂತೆ ಟೋಕಿಯೋಗೆ ಹೋಗಬೇಕಿದ್ದ ಪ್ರಕರಣ ಹೋಗಲೇ ಇಲ್ಲ. ನ್ಯಾಯಾಧೀಶ ಕೋನೋ ತೊಗಾಮಾ, ಎತೋ ಸಚಿವನಾಗಿದ್ದಾಗ ಕಾನೂನು ಅಧ್ಯಯನಕ್ಕೆಂದು ಯುರೋಪಿಗೆ ತೆರಳಿದ ಸಚಿವಾಲಯದ ನಿಯೋಗದಲ್ಲಿದ್ದವನು. ವಿಚಾರಣೆ ಎರಡೇ ದಿನ ನಡೆಯಿತು. ವಾದಿಸಲು ವಕೀಲನಿರಲಿಲ್ಲ. ತೀರ್ಪಿನ ದಿನವೇ ಶಿಕ್ಷೆ ಜಾರಿಯಾಯಿತು. ಕತ್ತರಿಸಿದ ತಲೆಯ ಛಾಯಾಚಿತ್ರಗಳು ಮಾರಾಟವೂ ಆದವು. ಆಗ ಟೋಕಿಯೋದಲ್ಲಿ ನ್ಯಾಯ ಸಚಿವನಾಗಿದ್ದವನು ಹಳೆಯ ಒಡನಾಡಿ ಓಕಿ ತಕಾತೋ.

ಇನೋವೆ ಕವೊರು ಸಣ್ಣ ದಂಡ ತೆತ್ತು ಪಾರಾಗಿ ಮುಂದೆ ವಿದೇಶಾಂಗ ಸಚಿವನಾದ. ಯಮಗಾತಾ ಎರಡು ಬಾರಿ ಪ್ರಧಾನಿಯಾದ. 1875ರಲ್ಲಿ ಅತ್ಯುಚ್ಚ ನ್ಯಾಯಾಲಯ ಬಂದಿತಾದರೂ ನ್ಯಾಯಾಲಯಗಳ ಆಡಳಿತ 1947ರವರೆಗೆ ಸಚಿವಾಲಯದ ಕೈಯಲ್ಲೇ ಉಳಿಯಿತು. 1889ರಲ್ಲಿ ಸಂವಿಧಾನ ಘೋಷಣೆಯ ಸಂದರ್ಭದ ಕ್ಷಮಾದಾನದಲ್ಲಿ ಎತೋನ ಅಪರಾಧ ಮನ್ನಾ ಆಯಿತು. 1916ರಲ್ಲಿ ಮರಣೋತ್ತರ ರಾಜಮರ್ಯಾದೆಯ ಪದವಿಯೂ ದೊರೆಯಿತು.